ಸ್ಟೇಟ್‌ಲೆಸ್ ಆಬ್ಜೆಕ್ಟ್ ಲಿಸ್ಟಿಂಗ್ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮದೇ ಆಬ್ಜೆಕ್ಟ್ ಸ್ಟೋರ್ ಬರೆಯುತ್ತಿರುವವರು, ಸೆಫ್ ಅಥವಾ ಸ್ವಿಫ್ಟ್ ಎಂಬ ಓಪನ್ ಸೋರ್ಸ್ ಸ್ಟೋರ್‌ಗಳ ಮೇಲೆ ಇನ್ನೊಂದು ಪದರ ಕಟ್ಟುತ್ತಿರುವವರು, ಅಥವಾ "ಎಸ್3 ಥರ ಒಂದು ಲಿಸ್ಟ್ ಎಪಿಐ ಬೇಕು, ಎರಡು ದಿನದಲ್ಲಿ ಆಗುತ್ತೆ ಅಲ್ವಾ?" ಎಂದು ಮ್ಯಾನೇಜರ್ ಬಾಯಲ್ಲಿ ಕೇಳಿಸಿಕೊಂಡವರು, ಇವರಿಗಾಗಿ ಈ ಪುಟ. ಬಕೆಟ್, ಕೀ, ಹ್ಯಾಶ್ ಎಂದರೆ ಏನು ಎಂದು ಗೊತ್ತಿದ್ದರೆ ಸಾಕು.

### ಹೆಸರುಗಳ ಪಟ್ಟಿ ಕೊಡುವುದರಲ್ಲಿ ಅಂಥ ಕಷ್ಟ ಏನಿದೆ?

ಒಂದು ಆಬ್ಜೆಕ್ಟ್ ಬರೆಯುವುದು, ಓದುವುದು, ಅಳಿಸುವುದು ಎಲ್ಲವೂ ಒಂದೇ ಜಾಗ ಮುಟ್ಟುವ ಕೆಲಸ. ಹೆಸರನ್ನು ಹ್ಯಾಶ್ ಮಾಡಿದರೆ ಯಾವ ಮಷೀನ್ ಎಂದು ಗೊತ್ತಾಗುತ್ತದೆ, ಅಲ್ಲಿಗೆ ಹೋಗಿ ಬಂದರೆ ಮುಗಿಯಿತು. ಪಟ್ಟಿ ಹಾಗಲ್ಲ. ಅದು ಎಲ್ಲ ಮಷೀನ್‌ಗಳನ್ನೂ ಮುಟ್ಟುತ್ತದೆ.

ಎರಡನೆಯದು, ಅದು ಒಂದೇ ರಿಕ್ವೆಸ್ಟ್‌ನಲ್ಲಿ ಮುಗಿಯುವುದಿಲ್ಲ. ಅಮೆಜಾನ್‌ನ ಆಬ್ಜೆಕ್ಟ್ ಸ್ಟೋರ್ ಆದ ಎಸ್3 ಒಂದು ಸಲಕ್ಕೆ ಜಾಸ್ತಿ ಅಂದರೆ 1000 ಹೆಸರು ಕೊಡುತ್ತದೆ. ಬಕೆಟ್‌ನಲ್ಲಿ 1 ಕೋಟಿ ಆಬ್ಜೆಕ್ಟ್ ಇದ್ದರೆ 10,000 ರಿಕ್ವೆಸ್ಟ್, ಅದೂ ಒಂದರ ಹಿಂದೆ ಒಂದು. ಒಂದೊಂದಕ್ಕೆ 100 ಮಿಲಿಸೆಕೆಂಡ್ ಹಿಡಿದರೂ ಹದಿನೇಳು ನಿಮಿಷದ ಹತ್ತಿರ ಬರುತ್ತದೆ. ಅಷ್ಟರಲ್ಲಿ ಹೊಸ ಆಬ್ಜೆಕ್ಟ್‌ಗಳು ಬರುತ್ತವೆ, ಹಳೆಯವು ಹೋಗುತ್ತವೆ, ಒಂದು ಡಿಸ್ಕ್ ಸಾಯುತ್ತದೆ, ಯಾರೋ ಗೇಟ್‌ವೇ (ರಿಕ್ವೆಸ್ಟ್‌ಗಳನ್ನು ಮುಂದೆ ನಿಂತು ಸ್ವೀಕರಿಸುವ ಸರ್ವರ್) ರೀಸ್ಟಾರ್ಟ್ ಮಾಡುತ್ತಾರೆ, ಡೇಟಾ ಒಂದು ಮಷೀನ್‌ನಿಂದ ಇನ್ನೊಂದಕ್ಕೆ ಹೊರಡುತ್ತದೆ. ಇಷ್ಟೆಲ್ಲ ನಡೆದರೂ ಪಟ್ಟಿ ಸರಿಯಾಗಿಯೇ ಮುಂದುವರಿಯಬೇಕು.

### ಇಲ್ಲಿ ಸ್ಟೇಟ್‌ಲೆಸ್ ಎಂದರೆ ನಿಖರವಾಗಿ ಏನು?

ಎರಡು ರಿಕ್ವೆಸ್ಟ್‌ಗಳ ನಡುವೆ ಸರ್ವರ್ ನಿಮ್ಮ ಬಗ್ಗೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಎಲ್ಲಿಗೆ ನಿಂತಿತ್ತು ಎನ್ನುವುದು ಪೂರ್ತಿಯಾಗಿ ನೀವು ಕಳಿಸುವ ಕರ್ಸರ್‌ನಲ್ಲೇ, ಅಂದರೆ ಪಟ್ಟಿಯಲ್ಲಿ ನಿಂತ ಜಾಗದ ಗುರುತಿನಲ್ಲೇ, ಇರುತ್ತದೆ. ಮೊದಲ ಪುಟ ಒಂದು ಗೇಟ್‌ವೇ ಕೊಟ್ಟು, ಎರಡನೆಯದನ್ನು ಈಗ ತಾನೇ ಬೂಟ್ ಆದ ಇನ್ನೊಂದು ಗೇಟ್‌ವೇ ಕೊಟ್ಟರೂ ನಡೆಯಬೇಕು.

ಇದರ ಉಲ್ಟಾ ವಿಧಾನದಲ್ಲಿ ಸರ್ವರ್ ಒಂದು ಇಟರೇಟರ್ ತೆರೆದು ಅದರ ನಂಬರ್ ಕೊಡುತ್ತದೆ, ನೀವು "ಮುಂದಿನದು, ಮುಂದಿನದು" ಎನ್ನುತ್ತಾ ಹೋಗುತ್ತೀರಿ. ಬರೆಯಲು ಸುಲಭ, ಡೆಮೋದಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಅರ್ಧಕ್ಕೆ ಬಿಟ್ಟುಹೋದ ಕ್ಲೈಂಟ್‌ಗಳ ಇಟರೇಟರ್‌ಗಳು ಮೆಮೊರಿಯಲ್ಲಿ ಕೊಳೆಯುತ್ತಾ ಕೂರುತ್ತವೆ. ಅದಕ್ಕೆ ಟೈಮ್‌ಔಟ್ ಹಾಕುತ್ತೀರಿ. ಆಗ ನಿಧಾನ ಓದುವ ಒಬ್ಬ ಪಾಪದ ಬಳಕೆದಾರನ ಪಟ್ಟಿ ನಡುವೆ ಕಡಿದುಹೋಗುತ್ತದೆ. ಲೋಡ್ ಬ್ಯಾಲೆನ್ಸರ್‌ಗೆ "ಇವನನ್ನು ಅದೇ ಮಷೀನ್‌ಗೆ ಕಳಿಸು" ಎಂದು ಹೇಳಿಕೊಡಬೇಕು. ಆ ಮಷೀನ್ ಹೋದರೆ ಪಟ್ಟಿಯೂ ಹೋಯಿತು.

### ಇದು ಹೊಸ ಸಮಸ್ಯೆಯಾ?

ಅಲ್ಲ. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನ 2 ಮತ್ತು 3ನೇ ಆವೃತ್ತಿಗಳು ಇದೇ ಕಾರಣಕ್ಕೆ ಸರ್ವರ್ ಏನೂ ನೆನಪಿಡದಂತೆ ಮಾಡಿದವು. ಡೈರೆಕ್ಟರಿ ಓದುವಾಗ ಸರ್ವರ್ ಪ್ರತಿ ಹೆಸರಿನ ಜೊತೆ ಒಂದು ಕುಕಿ ಕೊಡುತ್ತದೆ, ಕ್ಲೈಂಟ್ ಅದನ್ನು ವಾಪಸ್ ಕಳಿಸಿ ಮುಂದಿನ ಹೆಸರು ಕೇಳುತ್ತದೆ. ಆ ಕುಕಿ ಒಂದು ಸಂಖ್ಯೆ, ಅಷ್ಟೇ.

ಇಲ್ಲಿ ಒಂದು ಪ್ರಸಿದ್ಧ ಎಡವಟ್ಟು ಆಯಿತು. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಮ್ ದೊಡ್ಡ ಡೈರೆಕ್ಟರಿಗಳನ್ನು ಹೆಸರಿನ ಹ್ಯಾಶ್ ಪ್ರಕಾರ ಜೋಡಿಸುತ್ತದೆ. ಆ ಹ್ಯಾಶನ್ನೇ ಕುಕಿಯಾಗಿ ಕೊಡುತ್ತಿತ್ತು. 32 ಬಿಟ್ ಹ್ಯಾಶ್‌ನಲ್ಲಿ ಸುಮಾರು 77,000 ಹೆಸರು ಸೇರಿದರೆ, ಎಲ್ಲಾದರೂ ಎರಡು ಹೆಸರಿಗೆ ಒಂದೇ ಹ್ಯಾಶ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗೆ ಬಂದಾಗ "ಈ ಕುಕಿಯ ನಂತರದ್ದು ಕೊಡು" ಎಂದರೆ ಯಾವುದರ ನಂತರ? ಕ್ಲೈಂಟ್ ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತಿತ್ತು. ಡೈರೆಕ್ಟರಿಯಲ್ಲಿ ಲೂಪ್ ಇದೆ ಎಂದು ಕರ್ನಲ್ ಲಾಗ್‌ನಲ್ಲಿ ದೂರು ಬೀಳುತ್ತಿತ್ತು. ಆಮೇಲೆ 64 ಬಿಟ್ ಹ್ಯಾಶ್‌ಗೆ ಹೋದರು. ಕರ್ಸರ್ ಒಂದು ಜಾಗವನ್ನು ಮಾತ್ರ ತೋರಿಸಬೇಕು, ಎರಡನ್ನಲ್ಲ. ಈ ಮಾತು ಕೆಳಗೆ ಮತ್ತೆ ಬೇಕಾಗುತ್ತದೆ.

### ಸುಮ್ನೆ ಪುಟ ಸಂಖ್ಯೆ ಕೊಟ್ಟರೆ ಆಗಲ್ವಾ?

ಬೇಡ. "2000 ಬಿಟ್ಟು ಮುಂದಿನ 1000 ಕೊಡು" ಎಂದಾಗ, ಅಷ್ಟರಲ್ಲಿ ಮೊದಲ 2000ದಲ್ಲಿ ಐದು ಅಳಿಸಿಹೋಗಿದ್ದರೆ, ಐದು ಹೆಸರು ನಿಮ್ಮ ಕಣ್ಣಿಗೇ ಬೀಳದೆ ಜಾರಿಹೋಗುತ್ತವೆ. ಐದು ಸೇರಿದ್ದರೆ ಐದು ಹೆಸರು ಎರಡು ಸಲ ಬರುತ್ತವೆ. ಜೊತೆಗೆ 90 ಲಕ್ಷದ ಪುಟಕ್ಕೆ ಹೋಗಲು ಸರ್ವರ್ 90 ಲಕ್ಷ ಎಣಿಸಬೇಕು. ಬ್ಯಾಕಪ್ ಪ್ರೋಗ್ರಾಂ ಒಂದು ಇಂಥ ಪಟ್ಟಿಯನ್ನು ನಂಬಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿ.

### ಹಾಗಾದರೆ ಕರ್ಸರ್‌ನಲ್ಲಿ ಏನಿರಬೇಕು?

ಕೊನೆಗೆ ಕೊಟ್ಟ ಹೆಸರು. "ಇದಕ್ಕಿಂತ ದೊಡ್ಡವನ್ನು ಕೊಡು" ಎನ್ನುವುದೇ ಮುಂದಿನ ರಿಕ್ವೆಸ್ಟ್. ಆ ಹೆಸರಿನ ಆಬ್ಜೆಕ್ಟ್ ಅಷ್ಟರಲ್ಲಿ ಅಳಿಸಿಹೋಗಿದ್ದರೂ ಚಿಂತೆಯಿಲ್ಲ. ಕನ್ನಡ ನಿಘಂಟಿನಲ್ಲಿ ಒಂದು ಪದ ಇಲ್ಲದಿದ್ದರೂ ಅದು ಎಲ್ಲಿ ಇರಬೇಕಿತ್ತು ಎಂದು ಹುಡುಕಬಹುದಲ್ಲ, ಹಾಗೆ.

ಮುಖ್ಯವಾದ ಮಾತು: ಕರ್ಸರ್ ಹೇಳಬೇಕಾದದ್ದು ಡೇಟಾದ ಕ್ರಮದಲ್ಲಿ ಎಲ್ಲಿದ್ದೇವೆ ಎಂದು, ಮಷೀನ್‌ಗಳ ಜೋಡಣೆಯಲ್ಲಿ ಎಲ್ಲಿದ್ದೇವೆ ಎಂದಲ್ಲ. "7ನೇ ಶಾರ್ಡ್, 312ನೇ ಸಾಲು" ಎನ್ನುವ ಕರ್ಸರ್ ಇವತ್ತು ಓಡುತ್ತದೆ (ಶಾರ್ಡ್ ಎಂದರೆ ಮಷೀನ್‌ಗಳಿಗೆ ಹಂಚಿದ ಡೇಟಾದ ಒಂದು ತುಂಡು). ನಾಳೆ ಶಾರ್ಡ್‌ಗಳನ್ನು 11ರಿಂದ 23ಕ್ಕೆ ಏರಿಸಿದಾಗ ಅದಕ್ಕೆ ಅರ್ಥವೇ ಇರುವುದಿಲ್ಲ. ಮಷೀನ್‌ಗಳ ಜೋಡಣೆ ಬದಲಾಗುತ್ತಲೇ ಇರುವುದು ಡಿಸ್ಟ್ರಿಬ್ಯೂಟೆಡ್ ಸ್ಟೋರೇಜ್‌ನ ನಿತ್ಯದ ಬದುಕು.

ಆದ್ದರಿಂದ ಸ್ಟೇಟ್‌ಲೆಸ್ ಲಿಸ್ಟಿಂಗ್ ಮಾಡುತ್ತೇವೆ ಎಂದರೆ ನಿಜದಲ್ಲಿ ಒಂದು ಕ್ರಮವನ್ನು ಆರಿಸುತ್ತಿದ್ದೇವೆ. ಆ ಕ್ರಮ ಸರಿಯಾಗಿದ್ದರೆ ಉಳಿದದ್ದೆಲ್ಲ ಸಣ್ಣ ಕೆಲಸ.

### ಯಾವ ಕ್ರಮ? ಅಕಾರಾದಿಯೇ?

ಹೆಸರಿನ ಬೈಟ್‌ಗಳ ಕ್ರಮ. ಎಸ್3 ಸಾಮಾನ್ಯ ಬಕೆಟ್‌ಗಳಲ್ಲಿ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಬೈಟ್ ಕ್ರಮದಲ್ಲೇ ಪಟ್ಟಿ ಕೊಡುತ್ತದೆ. ಅದು ಅಕಾರಾದಿ ಕ್ರಮದ ಹಾಗೆ ಕಾಣುತ್ತದೆ, ಆದರೆ ಅಲ್ಲ. ಕನ್ನಡದಲ್ಲಿ ಹೆಸರಿಟ್ಟರೆ ಇದು ಕೂಡಲೇ ಗೊತ್ತಾಗುತ್ತದೆ. ವರ್ಣಮಾಲೆಯಲ್ಲಿ 'ಳ' ಕೊನೆಗೆ, 'ಹ' ಆದ ಮೇಲೆ. ಯುನಿಕೋಡ್‌ನಲ್ಲಿ 'ಲ' ಆದ ಕೂಡಲೇ 'ಳ', ಆಮೇಲೆ 'ವ'. ಹಾಗಾಗಿ ನಿಘಂಟಿನಲ್ಲಿ 'ಬಹುಮಾನ' ಮೊದಲು, 'ಬಳಪ' ಆಮೇಲೆ, ಬಕೆಟ್‌ನಲ್ಲಿ ತಿರುಗುಮುರುಗು. ಕನ್ನಡ ಅಂಕಿಗಳಂತೂ ಎಲ್ಲ ಅಕ್ಷರಗಳ ನಂತರ ಬರುತ್ತವೆ, 1, 2, 3 ಎಲ್ಲಕ್ಕಿಂತ ಮೊದಲು.

"ಭಾಷೆಗೆ ತಕ್ಕ ಕ್ರಮ ಕೊಡೋಣ" ಎಂಬ ಆಸೆ ಬರುತ್ತದೆ. ದಯವಿಟ್ಟು ಬೇಡ. ಭಾಷೆಯ ಕ್ರಮದ ನಿಯಮಗಳು ಲೈಬ್ರರಿಯ ಆವೃತ್ತಿ ಬದಲಾದರೆ ಬದಲಾಗುತ್ತವೆ. ಎರಡು ಗೇಟ್‌ವೇಗಳಲ್ಲಿ ಬೇರೆ ಬೇರೆ ಆವೃತ್ತಿ ಇದ್ದರೆ ಕರ್ಸರ್ ಸುಳ್ಳು ಹೇಳುತ್ತದೆ. ಬೈಟ್ ಕ್ರಮ ಎಂದಿಗೂ ಬದಲಾಗುವುದಿಲ್ಲ. ಚಂದದ ಕ್ರಮ ಬೇಕಿದ್ದರೆ ಪರದೆಯ ಮೇಲೆ ತೋರಿಸುವವರು ಜೋಡಿಸಿಕೊಳ್ಳಲಿ.

ಜಾವಾದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಸ್ಟ್ರಿಂಗ್ ಹೋಲಿಕೆ ಯುಟಿಎಫ್-16 ಲೆಕ್ಕದಲ್ಲಿ ನಡೆಯುತ್ತದೆ. ಎಮೋಜಿ ಇರುವ ಹೆಸರು ಮತ್ತು ಜಪಾನೀ ಕೀಬೋರ್ಡ್‌ನ ಅಗಲ ಅಕ್ಷರ ಇರುವ ಹೆಸರು ಒಟ್ಟಿಗೆ ಬಂದರೆ ಎರಡು ಕ್ರಮಗಳು ಕಿತ್ತಾಡುತ್ತವೆ. ಬೈಟ್‌ಗಳನ್ನೇ ಹೋಲಿಸಿ.

### ಕನ್ನಡ ಹೆಸರುಗಳಿಗೆ ಬೇರೆ ಏನಾದರೂ ತೊಂದರೆ ಇದೆಯಾ?

ಎರಡು ಇವೆ.

ಮೊದಲನೆಯದು ಉದ್ದ. ಎಸ್3ಯಲ್ಲಿ ಕೀ ಉದ್ದದ ಮಿತಿ 1024 ಬೈಟ್. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ 3 ಬೈಟ್. 'ಕ್ಷೇ' ಕಣ್ಣಿಗೆ ಒಂದೇ ಅಕ್ಷರ. ಒಳಗೆ ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ಏತ್ವ ಎಂದು ನಾಲ್ಕು ಚಿಹ್ನೆ, 12 ಬೈಟ್. ಒಟ್ಟು 341 ಚಿಹ್ನೆಗಳಿಗೆ ಕೀ ತುಂಬಿಹೋಗುತ್ತದೆ.

ಎರಡನೆಯದು ಸ್ವಲ್ಪ ಕಳ್ಳ ತೊಂದರೆ. 'ಕೋಲಾರ' ಎನ್ನುವುದನ್ನು ಎರಡು ಥರ ಬರೆಯಬಹುದು. 'ಕೋ'ದ ಓತ್ವ ಒಂದೇ ಚಿಹ್ನೆಯಾಗಿರಬಹುದು, ಅಥವಾ ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ಚಿಹ್ನೆಗಳಾಗಿರಬಹುದು. ಪರದೆಯ ಮೇಲೆ ಎರಡೂ ಒಂದೇ. ಸ್ಟೋರ್‌ಗೆ ಎರಡು ಬೇರೆ ಬೇರೆ ಆಬ್ಜೆಕ್ಟ್. ಇನ್ನೂ ತಮಾಷೆ ಎಂದರೆ, ಬಿಡಿಸಿ ಬರೆದ ರೂಪದಲ್ಲಿ 'ಕೊ' ಎನ್ನುವ ಪ್ರಿಫಿಕ್ಸ್ (ಇದರಿಂದ ಶುರುವಾಗುವ ಹೆಸರುಗಳನ್ನು ಮಾತ್ರ ಕೊಡು ಎಂಬ ಷರತ್ತು) ಕೊಟ್ಟರೆ 'ಕೋಲಾರ'ವೂ ಸಿಗುತ್ತದೆ. ಯಾಕೆಂದರೆ 'ಕೊ'ದ ಮುಂದೆ ಬರೀ ದೀರ್ಘ ಸೇರಿದೆ. ಕೂಡಿಸಿ ಬರೆದ ರೂಪದಲ್ಲಿ ಸಿಗುವುದಿಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಅಪ್‌ಲೋಡ್ ಆದ ಫೈಲ್‌ಗಳಲ್ಲಿ ಇದನ್ನು ನೋಡಬಹುದು.

ಸ್ಟೋರ್ ಇದನ್ನು ಸರಿಮಾಡಬೇಕಾ? ನನ್ನ ಪ್ರಕಾರ ಕೂಡದು. ಬಂದ ಬೈಟ್‌ಗಳನ್ನು ಬಂದ ಹಾಗೆ ಇಡಿ. ಕ್ಲೈಂಟ್ ಲೈಬ್ರರಿಯಲ್ಲಿ ಒಂದೇ ರೂಪಕ್ಕೆ ತರುವ ಆಯ್ಕೆ ಕೊಡಿ.

### ಹೆಸರಿನ ಕ್ರಮವೇ ಇಲ್ಲದ ಸ್ಟೋರ್‌ಗಳಲ್ಲಿ? ಸೆಫ್‌ನ ಒಳಗೆ ಹ್ಯಾಶ್ ಪ್ರಕಾರ ಇರುತ್ತದಲ್ಲ?

ಒಳ್ಳೆಯ ಪ್ರಶ್ನೆ. ಇಲ್ಲಿಯೇ ವಿಷಯ ರುಚಿಯಾಗುವುದು.

ಸೆಫ್‌ನ ತಳದಲ್ಲಿರುವ ರಾಡೋಸ್‌ನಲ್ಲಿ ಪ್ರತಿ ಆಬ್ಜೆಕ್ಟ್ ಹೆಸರಿಗೂ 32 ಬಿಟ್ ಹ್ಯಾಶ್ ಇರುತ್ತದೆ. ಆ ಹ್ಯಾಶ್‌ನ ಕೆಳಗಿನ ಬಿಟ್‌ಗಳು ಆಬ್ಜೆಕ್ಟ್ ಯಾವ ಪ್ಲೇಸ್‌ಮೆಂಟ್ ಗ್ರೂಪ್, ಅಂದರೆ ಯಾವ ಪಿಜಿ, ಎಂದು ಹೇಳುತ್ತವೆ. ಪಿಜಿಯನ್ನು ಯಾವ ಡಿಸ್ಕ್‌ಗಳಲ್ಲಿ ಇಡಬೇಕು ಎನ್ನುವುದನ್ನು ಕ್ರಶ್ ಅಲ್ಗಾರಿದಂ ನಿರ್ಧರಿಸುತ್ತದೆ. ಪೂಲ್ (ಆಬ್ಜೆಕ್ಟ್‌ಗಳನ್ನು ಇಡುವ ದೊಡ್ಡ ಗುಂಪು) ಬೆಳೆದಂತೆ ಪಿಜಿಗಳ ಸಂಖ್ಯೆ ಹೆಚ್ಚಿಸುತ್ತಾರೆ. ಒಂದು ಪಿಜಿ ಒಡೆದು ಎರಡಾಗುತ್ತದೆ.

ಮೊದಲು ಹೊಳೆಯುವ ಉಪಾಯ ಪಿಜಿ ಒಂದೊಂದನ್ನೇ ಪಟ್ಟಿ ಮಾಡುತ್ತಾ ಹೋಗುವುದು, ಕರ್ಸರ್‌ನಲ್ಲಿ ಪಿಜಿ ನಂಬರ್ ಇಡುವುದು. ಪಿಜಿ ಒಡೆದ ದಿನ ಇದು ಕುಸಿಯುತ್ತದೆ. ಹಾಗಾದರೆ ಹ್ಯಾಶ್ ಕ್ರಮದಲ್ಲೇ ಹೋದರೆ? ಅಲ್ಲೂ ಒಂದು ತೊಡಕಿದೆ. ನಾಲ್ಕೇ ಬಿಟ್‌ನ ಹ್ಯಾಶ್, ನಾಲ್ಕು ಪಿಜಿ ಎಂದಿಟ್ಟುಕೊಳ್ಳಿ. ಕೆಳಗಿನ ಎರಡು ಬಿಟ್ 01 ಆಗಿರುವ ಆಬ್ಜೆಕ್ಟ್‌ಗಳು 1ನೇ ಪಿಜಿಯಲ್ಲಿ: 0001, 0101, 1001, 1101. ಅಂದರೆ 1, 5, 9, 13. ಇವು ಚದುರಿಹೋಗಿವೆ. ಹ್ಯಾಶ್ ಕ್ರಮದಲ್ಲಿ ಹೋದರೆ ಪ್ರತಿ ಹೆಜ್ಜೆಗೂ ಬೇರೆ ಪಿಜಿಗೆ ಹಾರಬೇಕು.

ಈಗ ಬಿಟ್‌ಗಳನ್ನು ಹಿಂದುಮುಂದು ಮಾಡಿ. ಅದೇ ನಾಲ್ಕು 1000, 1010, 1001, 1011 ಆಗುತ್ತವೆ. ಜೋಡಿಸಿದರೆ 8, 9, 10, 11. ಒಂದೇ ಸಾಲು! ಪಿಜಿಗಳು ನಾಲ್ಕರಿಂದ ಎಂಟಾದರೆ? ಕೆಳಗಿನ ಮೂರು ಬಿಟ್ 001 ಇರುವವು 8 ಮತ್ತು 9, 101 ಇರುವವು 10 ಮತ್ತು 11. ಸಾಲು ನಡುವೆ ಕತ್ತರಿಸಿತು, ಯಾರೂ ಜಾಗ ಬದಲಿಸಲಿಲ್ಲ. 9ರ ಹತ್ತಿರ ನಿಂತಿದ್ದ ಕರ್ಸರ್ ಒಡೆಯುವ ಮೊದಲೂ 9, ಆಮೇಲೂ 9.

ಸೆಫ್ ಆಬ್ಜೆಕ್ಟ್‌ಗಳನ್ನು ಜೋಡಿಸುವುದು ಹೀಗೆಯೇ. ಹಿಂದೆ ನಾಲ್ಕು ನಾಲ್ಕು ಬಿಟ್‌ಗಳ ಗುಂಪಾಗಿ ತಿರುಗಿಸುತ್ತಿದ್ದರು. 2016ರ ಜ್ಯುವೆಲ್ ಬಿಡುಗಡೆಯ ಹೊತ್ತಿಗೆ ಹೊಸ ಕ್ಲಸ್ಟರ್‌ಗಳಲ್ಲಿ ಒಂದೊಂದೇ ಬಿಟ್ ತಿರುಗಿಸುವ ಕ್ರಮ ಬಂತು. ಹಳೆಯ ಕ್ಲಸ್ಟರ್‌ಗಳಲ್ಲಿ ಅದಕ್ಕಾಗಿ 'ಸಾರ್ಟ್‌ಬಿಟ್‌ವೈಸ್' ಎನ್ನುವ ಫ್ಲ್ಯಾಗ್ ಹಾಕಬೇಕಿತ್ತು. ಆಗಿನ ಅಪ್‌ಗ್ರೇಡ್ ಮಾಡಿದವರಿಗೆ ಈ ಹೆಸರು ನೆನಪಿರುತ್ತದೆ.

ಎಕ್ಸ್ಟ್4 ಕಥೆಯ ಹ್ಯಾಶ್ ಡಿಕ್ಕಿ ಇಲ್ಲೂ ಆಗಬಹುದಲ್ಲ? ಆಗುತ್ತದೆ. ಆದ್ದರಿಂದ ರಾಡೋಸ್ ಕರ್ಸರ್‌ನಲ್ಲಿ ಬರೀ ಹ್ಯಾಶ್ ಇಲ್ಲ. ಹ್ಯಾಶ್, ಅದರ ಹಿಂದೆ ನೇಮ್‌ಸ್ಪೇಸ್, ಹೆಸರು ಎಲ್ಲವೂ ಸೇರಿ ಒಂದು ಸ್ಥಾನ. ಎರಡು ಹೆಸರಿನ ಹ್ಯಾಶ್ ಒಂದೇ ಆದರೂ ಅವುಗಳ ಸ್ಥಾನ ಬೇರೆ ಬೇರೆ.

### ಒಬ್ಬನೇ ಓದುವ ಬದಲು ಹತ್ತು ಜನ ಹಂಚಿಕೊಂಡು ಓದಬಹುದಾ?

ಹ್ಯಾಶ್ ಕ್ರಮ ಇದ್ದರೆ ಸಲೀಸು. ರಾಡೋಸ್‌ನ ಕ್ಲೈಂಟ್ ಲೈಬ್ರರಿಯಾದ ಲಿಬ್‌ರಾಡೋಸ್‌ನ ಸ್ಟೇಟ್‌ಲೆಸ್ ಲಿಸ್ಟಿಂಗ್‌ನಲ್ಲಿ ಆರಂಭದ ಕರ್ಸರ್, ಕೊನೆಯ ಕರ್ಸರ್ ಎರಡನ್ನೂ ಕೊಟ್ಟು "ಈ ನಡುವಿನದ್ದು ಕೊಡು" ಎನ್ನಬಹುದು. ಜೊತೆಗೆ ಸ್ಲೈಸ್ ಎನ್ನುವ ಕರೆ ಇದೆ: ಒಟ್ಟು ಎಷ್ಟು ಪಾಲು, ನನ್ನದು ಎಷ್ಟನೆಯದು ಎಂದು ಹೇಳಿದರೆ ನಿಮ್ಮ ಪಾಲಿನ ಎರಡೂ ತುದಿ ಕೊಡುತ್ತದೆ. ಹ್ಯಾಶ್ ಸಮನಾಗಿ ಹರಡುವುದರಿಂದ ಪಾಲುಗಳು ಹೆಚ್ಚುಕಡಿಮೆ ಸಮ. ಕೆಲಸಗಾರರು ಒಬ್ಬರ ಜೊತೆ ಒಬ್ಬರು ಮಾತಾಡುವ ಅಗತ್ಯವೇ ಇಲ್ಲ. ಹಾಳಾದ ಸೆಫ್‌ಎಫ್‌ಎಸ್ (ಸೆಫ್ ಮೇಲಿನ ಫೈಲ್ ಸಿಸ್ಟಮ್) ಅನ್ನು ಡೇಟಾ ಪೂಲ್‌ನಿಂದ ಮತ್ತೆ ಕಟ್ಟುವ ಡೇಟಾ-ಸ್ಕ್ಯಾನ್ ಟೂಲ್ ಹೀಗೇ ಹಲವು ವರ್ಕರ್‌ಗಳಾಗಿ ಓಡುತ್ತದೆ.

ಹೆಸರಿನ ಕ್ರಮದಲ್ಲಿ ಇದು ಕಷ್ಟ. ಎಲ್ಲ ಕೀಗಳೂ "2024/" ಎಂದು ಶುರುವಾದರೆ ಎಲ್ಲಿ ಕತ್ತರಿಸುತ್ತೀರಿ? ಒಬ್ಬನಿಗೆ ಎಲ್ಲ ಕೆಲಸ, ಒಂಬತ್ತು ಜನಕ್ಕೆ ರಜೆ.

ಆದ್ದರಿಂದ ನನ್ನ ಸಲಹೆ: ಬಳಕೆದಾರರಿಗೆ ಹೆಸರಿನ ಕ್ರಮ, ಒಳಗಿನ ಸ್ಕ್ರಬ್ (ಡೇಟಾ ಕೆಟ್ಟಿದೆಯೇ ಎಂಬ ಪರೀಕ್ಷೆ), ರಿಪೇರಿ, ವಲಸೆ ಕೆಲಸಗಳಿಗೆ ಹ್ಯಾಶ್ ಕ್ರಮ. ಎರಡನ್ನೂ ಕೊಡಿ, ಬೇರೆ ಬೇರೆ ಕರೆಗಳಾಗಿ. ಒಂದೇ ಕರೆಗೆ ಫ್ಲ್ಯಾಗ್ ಹಾಕಿ ಎರಡು ಅರ್ಥ ತುರುಕಬೇಡಿ.

### ಇಂಡೆಕ್ಸ್ ಹಲವು ಶಾರ್ಡ್‌ಗಳಲ್ಲಿದ್ದರೆ ಹೆಸರಿನ ಕ್ರಮ ಹೇಗೆ ಕೊಡುವುದು?

ಎಲ್ಲ ಶಾರ್ಡ್‌ಗಳಿಗೂ ಕೇಳಿ, ಬಂದದ್ದನ್ನು ಮರ್ಜ್ ಮಾಡಬೇಕು. ಸೆಫ್‌ನ ರಾಡೋಸ್ ಗೇಟ್‌ವೇ ಬಕೆಟ್ ಇಂಡೆಕ್ಸನ್ನು, ಅಂದರೆ ಬಕೆಟ್‌ನಲ್ಲಿರುವ ಹೆಸರುಗಳ ಪಟ್ಟಿಯನ್ನು, ಹೆಸರಿನ ಹ್ಯಾಶ್ ಮೇಲೆ ಹಂಚುತ್ತದೆ. ಒಂದು ಶಾರ್ಡ್‌ಗೆ ಸರಾಸರಿ 1 ಲಕ್ಷ ಆಬ್ಜೆಕ್ಟ್ ದಾಟಿದರೆ ತಾನೇ ಶಾರ್ಡ್ ಹೆಚ್ಚಿಸುತ್ತದೆ.

11 ಶಾರ್ಡ್ ಇವೆ, 1000 ಹೆಸರು ಬೇಕು ಎನ್ನೋಣ. ಪ್ರತಿಯೊಂದಕ್ಕೂ 1000 ಕೇಳಿದರೆ 11,000 ಓದಿ 10,000 ಬಿಸಾಡಿದಂತೆ. ಹೆಸರುಗಳು ಸಮನಾಗಿ ಹರಡಿರುವುದರಿಂದ ಒಂದೊಂದರಿಂದ ಸುಮಾರು 91 ಬರಬೇಕು. ಅದಕ್ಕಿಂತ ಸ್ವಲ್ಪ ಜಾಸ್ತಿ ಕೇಳಿದರೆ ಸಾಕು. ಆದರೆ ಒಂದು ನಿಯಮ ಮರೆಯಬಾರದು. ಒಂದು ಶಾರ್ಡ್ 100 ಕೊಟ್ಟು "ಇನ್ನೂ ಇದೆ" ಎಂದಿದ್ದರೆ, ಅದರ ಕೊನೆಯ ಹೆಸರನ್ನು ದಾಟಿ ನೀವು ಏನನ್ನೂ ಕಳಿಸುವಂತಿಲ್ಲ. ಆ ಶಾರ್ಡ್‌ನ 101ನೆಯದು ನೀವು ಕಳಿಸಲಿರುವುದಕ್ಕಿಂತ ಚಿಕ್ಕದಿರಬಹುದು. "ಇನ್ನೂ ಇದೆ" ಎಂದ ಶಾರ್ಡ್‌ಗಳ ಕೊನೆಯ ಹೆಸರುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ, ಅಲ್ಲಿಯವರೆಗೆ ಮಾತ್ರ ಕಳಿಸಿ. ಬೇಕಾದರೆ ಆ ಶಾರ್ಡನ್ನು ಮತ್ತೆ ಕೇಳಿ.

ಕರ್ಸರ್ ಬರೀ ಹೆಸರು. ನಡುವೆ ಶಾರ್ಡ್ ಸಂಖ್ಯೆ ಬದಲಾದರೂ ಅದಕ್ಕೆ ಏನೂ ಆಗುವುದಿಲ್ಲ.

ಸ್ವಿಫ್ಟ್ ಬೇರೆ ದಾರಿ ಹಿಡಿಯಿತು. ಅಲ್ಲಿ ಕಂಟೇನರ್ (ಬಕೆಟ್‌ಗೆ ಅಲ್ಲಿನ ಹೆಸರು) ಪಟ್ಟಿ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿರುತ್ತದೆ, ದೊಡ್ಡದಾದರೆ ಹೆಸರಿನ ವ್ಯಾಪ್ತಿಗಳಾಗಿ ಒಡೆಯುತ್ತಾರೆ. ಮರ್ಜ್ ಬೇಡ, ಒಂದು ಮುಗಿದ ಮೇಲೆ ಇನ್ನೊಂದು. ಆದರೆ ಇವತ್ತಿನ ದಿನಾಂಕದಿಂದ ಶುರುವಾಗುವ ಹೆಸರುಗಳೆಲ್ಲ ಒಂದೇ ತುಂಡಿಗೆ ಬೀಳುತ್ತವೆ. ಕಷ್ಟ ಎಲ್ಲೂ ತಪ್ಪಲ್ಲ, ಜಾಗ ಬದಲಿಸುತ್ತದೆ ಅಷ್ಟೇ.

### ಫೋಲ್ಡರ್ ಥರ ತೋರಿಸಲು ಡೆಲಿಮಿಟರ್ ಬೇಕೇ ಬೇಕಾ?

ಡೆಲಿಮಿಟರ್ ಎಂದರೆ ಹೆಸರನ್ನು ಫೋಲ್ಡರ್‌ಗಳ ಹಾಗೆ ಒಡೆಯುವ ಚಿಹ್ನೆ. ಬಳಕೆದಾರರು ಬಿಡುವುದಿಲ್ಲ. ಹಾಗಾಗಿ ಬೇಕು. ಎಪಿಐನ ಅತಿ ಹೆಚ್ಚು ಬಗ್‌ಗಳು ಇರುವುದೂ ಇಲ್ಲೇ.

ದೇವಸ್ಥಾನಗಳ ಫೋಟೋ ಇಟ್ಟ ಒಂದು ಬಕೆಟ್ ಕಲ್ಪಿಸಿಕೊಳ್ಳಿ:

ಹಾಸನ-ಹಳೆಯ/1
ಹಾಸನ/ಬೇಲೂರು/1
ಹಾಸನ/ಬೇಲೂರು/2
ಹಾಸನ/ಹಳೇಬೀಡು/1

ಡೆಲಿಮಿಟರ್ '/' ಎಂದರೆ ಉತ್ತರ ಎರಡೇ ಸಾಲು: 'ಹಾಸನ-ಹಳೆಯ/' ಮತ್ತು 'ಹಾಸನ/'. ಹಾಸನದ ಒಳಗೆ 40 ಲಕ್ಷ ಫೋಟೋ ಇದ್ದರೆ ಎಲ್ಲವನ್ನೂ ಓದಿ ಬಿಸಾಡಬೇಡಿ. '/' ಚಿಹ್ನೆಯ ಸಂಖ್ಯೆ 47. ಅದರ ಮುಂದಿನದು 48, ಅಂದರೆ '0'. 'ಹಾಸನ/' ಕಂಡ ಕೂಡಲೇ ನೇರ 'ಹಾಸನ0' ಎನ್ನುವ ಜಾಗಕ್ಕೆ ನೆಗೆಯಿರಿ. ನಡುವಿನ ಎಲ್ಲವೂ 'ಹಾಸನ/' ಒಳಗಿನದೇ.

ಈಗ ಒಂದು ಪುಟಕ್ಕೆ ಒಂದೇ ಸಾಲು ಎಂದು ಕೇಳಿ. ಎರಡನೇ ಪುಟದಲ್ಲಿ 'ಹಾಸನ/' ಬಂತು. ಕರ್ಸರ್‌ನಲ್ಲಿ ಏನು ಇಟ್ಟಿರಿ? ಒಳಗೆ ಕೊನೆಗೆ ನೋಡಿದ 'ಹಾಸನ/ಬೇಲೂರು/1' ಎಂದು ಇಟ್ಟಿದ್ದರೆ ಮುಂದಿನ ಪುಟದಲ್ಲೂ 'ಹಾಸನ/' ಬರುತ್ತದೆ. ಅದರ ಮುಂದಿನದರಲ್ಲೂ. ಗುಂಪಾಗಿ ಕೊಟ್ಟ ಪ್ರಿಫಿಕ್ಸ್ ಕೊನೆಯ ಸಾಲಾದರೆ, ಕರ್ಸರ್ ಆ ಗುಂಪಿನ ಆಚೆ ತುದಿಯಲ್ಲಿ ನಿಲ್ಲಬೇಕು.

ಮೂರನೆಯ ಹೊಂಡ ಆಬ್ಜೆಕ್ಟ್‌ಗಳನ್ನು ಸಾಮಾನ್ಯ ಫೈಲ್ ಸಿಸ್ಟಮ್ ಮೇಲೆ ಇಡುವವರಿಗೆ. ಡೈರೆಕ್ಟರಿಯಲ್ಲಿ 'ಹಾಸನ' ಮತ್ತು 'ಹಾಸನ-ಹಳೆಯ' ಇವೆ. ಹೆಸರು ಜೋಡಿಸಿದರೆ 'ಹಾಸನ' ಮೊದಲು, ಚಿಕ್ಕದಲ್ಲವೇ? ಅದರೊಳಗೆ ಇಳಿದು ಎಲ್ಲ ಕೊಟ್ಟು ಆಮೇಲೆ 'ಹಾಸನ-ಹಳೆಯ'ಕ್ಕೆ ಹೋಗುತ್ತೀರಿ. ಆದರೆ '-' 45, '/' 47. ನಿಜವಾದ ಕ್ರಮದಲ್ಲಿ 'ಹಾಸನ-ಹಳೆಯ/1' ಮೊದಲು ಬರಬೇಕಿತ್ತು. ಪುಟ 'ಹಾಸನ/ಹಳೇಬೀಡು/1' ಹತ್ತಿರ ಮುಗಿದರೆ, ಮುಂದಿನ ರಿಕ್ವೆಸ್ಟ್ ಅದಕ್ಕಿಂತ ದೊಡ್ಡವನ್ನು ಮಾತ್ರ ಕೇಳುತ್ತದೆ, 'ಹಾಸನ-ಹಳೆಯ/1' ಪಟ್ಟಿಯಿಂದಲೇ ಮಾಯ. ಎರರ್ ಇಲ್ಲ, ಲಾಗ್ ಇಲ್ಲ. ಪರಿಹಾರ ಸಣ್ಣದು: ಡೈರೆಕ್ಟರಿ ಹೆಸರಿಗೆ ಕೊನೆಯಲ್ಲಿ '/' ಅಂಟಿಸಿ ಆಮೇಲೆ ಜೋಡಿಸಿ.

### ಖಾಲಿ ಪುಟ ಬಂದರೆ ಪಟ್ಟಿ ಮುಗಿಯಿತು ಎಂದರ್ಥವೇ?

ಅಲ್ಲ. ಮುಗಿಯಿತು ಎಂದು ಹೇಳುವುದು ಪುಟದ ಜೊತೆ ಟೋಕನ್ (ಕರ್ಸರನ್ನು ಹೊತ್ತ ಸ್ಟ್ರಿಂಗ್) ಇಲ್ಲದಿರುವುದು ಮಾತ್ರ.

ಲಕ್ಷಾಂತರ ಆಬ್ಜೆಕ್ಟ್ ಒಟ್ಟಿಗೆ ಅಳಿಸಿದ ಜಾಗವನ್ನು ದಾಟುವಾಗ ರಾಕ್ಸ್‌ಡಿಬಿ ಥರದ ಡೇಟಾಬೇಸ್ ಅಳಿಸಿದ ಗುರುತುಗಳನ್ನೇ ಒಂದೊಂದಾಗಿ ದಾಟುತ್ತಾ ಕೂರುತ್ತದೆ. ಒಂದು ಹೆಸರೂ ಸಿಗದೆ ಹತ್ತು ಸೆಕೆಂಡ್ ಕಳೆಯಬಹುದು. ಅಷ್ಟು ಹೊತ್ತು ರಿಕ್ವೆಸ್ಟ್ ಹಿಡಿದಿಡುವ ಬದಲು, "ಇಷ್ಟು ನೋಡಿದೆ, ಏನೂ ಸಿಗಲಿಲ್ಲ, ಇಲ್ಲಿಂದ ಮುಂದುವರಿಸು" ಎಂದು ಖಾಲಿ ಪುಟ ಮತ್ತು ಟೋಕನ್ ಕೊಡುವುದು ಒಳ್ಳೆಯದು. ಅಮೆಜಾನ್‌ನ ಡೈನಮೋಡಿಬಿ ಡೇಟಾಬೇಸ್ ಹೀಗೆ ಮಾಡುತ್ತದೆ. ಇದನ್ನು ಮೊದಲ ದಿನವೇ ದಾಖಲೆಯಲ್ಲಿ ಬರೆಯಿರಿ. ಆಮೇಲೆ ಸೇರಿಸಿದರೆ ಹಳೆಯ ಕ್ಲೈಂಟ್‌ಗಳು ಖಾಲಿ ಪುಟ ಕಂಡು ನಿಲ್ಲುತ್ತವೆ.

### ಪಟ್ಟಿ ಓದುತ್ತಿರುವಾಗಲೇ ಡೇಟಾ ಬದಲಾದರೆ ಏನು ಭರವಸೆ ಕೊಡಬಹುದು?

ಪ್ರಾಮಾಣಿಕವಾಗಿ ಕೊಡಬಹುದಾದದ್ದು ಇಷ್ಟು: ಪಟ್ಟಿ ಶುರುವಾದಾಗಿನಿಂದ ಮುಗಿಯುವವರೆಗೂ ಇದ್ದ ಆಬ್ಜೆಕ್ಟ್ ಖಂಡಿತ ಒಂದು ಸಲ ಬರುತ್ತದೆ. ನಡುವೆ ಹುಟ್ಟಿದ್ದು, ನಡುವೆ ಹೋದದ್ದು ಬರಬಹುದು, ಬರದೆಯೂ ಇರಬಹುದು. ಇಷ್ಟಾದರೂ ಸಿಗಬೇಕೆಂದರೆ ಇಂಡೆಕ್ಸ್ ಕೂಡಲೇ ಅಪ್‌ಡೇಟ್ ಆಗಬೇಕು. ಎಸ್3ಯಲ್ಲೇ 2020ರ ಡಿಸೆಂಬರ್‌ವರೆಗೆ ಬರೆದ ಆಬ್ಜೆಕ್ಟ್ ಪಟ್ಟಿಯಲ್ಲಿ ಕೂಡಲೇ ಕಾಣದಿರುವ ಸಾಧ್ಯತೆ ಇತ್ತು.

"ಒಂದು ಕ್ಷಣದ ಚಿತ್ರವೇ ಬೇಕು" ಎನ್ನುವವರು ಹಲವು ಮಷೀನ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸುವ ಕುಬರ್ನೆಟಿಸ್ ನೋಡಿ. ಅಲ್ಲಿನ ಕಂಟಿನ್ಯೂ ಟೋಕನ್‌ನಲ್ಲಿ ಮುಂದಿನ ಕೀ ಜೊತೆಗೆ ಡೇಟಾದ ಆವೃತ್ತಿ ಸಂಖ್ಯೆಯೂ ಇರುತ್ತದೆ. ಎಲ್ಲ ಪುಟಗಳೂ ಅದೇ ಆವೃತ್ತಿಯಿಂದ ಬರುತ್ತವೆ. ಸರ್ವರ್ ಆಗಲೂ ನಿಮ್ಮನ್ನು ನೆನಪಿಟ್ಟುಕೊಂಡಿಲ್ಲ, ಹಳೆಯ ಆವೃತ್ತಿಗಳನ್ನು ಎಲ್ಲರಿಗಾಗಿ ಇಟ್ಟುಕೊಂಡಿದೆ. ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಅದರ ಡೇಟಾಬೇಸ್ ಆದ ಎಟ್ಸಿಡಿಯಲ್ಲಿ ಹಳೆಯವನ್ನು ಗುಡಿಸುತ್ತಾರೆ. ಆಮೇಲೆ ಹಳೆಯ ಟೋಕನ್ ತಂದರೆ 410 ಎರರ್. ಕೆಲವು ಸಾವಿರ ಪಾಡ್‌ಗಳಿಗೆ, ಅಂದರೆ ಅಲ್ಲಿ ಓಡುವ ಘಟಕಗಳಿಗೆ, ಇದು ಸಾಕು. ಕೋಟಿ ಆಬ್ಜೆಕ್ಟ್‌ಗಳ ಪಟ್ಟಿಗೆ ಐದು ನಿಮಿಷ ಎಲ್ಲಿ ಸಾಕಾಗುತ್ತದೆ?

### ಟೋಕನ್ ಒಳಗೆ ಏನಿದೆ ಎಂದು ಬಳಕೆದಾರರಿಗೆ ಕಾಣಬೇಕಾ?

ಬೇಡ. ಎಸ್3ಯ ಮೊದಲ ಲಿಸ್ಟ್ ಕರೆಯಲ್ಲಿ ಮಾರ್ಕರ್ ಎಂದರೆ ಕೊನೆಯ ಹೆಸರೇ. ಜನ ಅದನ್ನು ಎರಡು ಕೆಲಸಕ್ಕೆ ಬಳಸಿದರು: ಮುಂದಿನ ಪುಟ ಕೇಳಲು, ಮತ್ತು ತಮಗೆ ಬೇಕಾದ ಜಾಗದಿಂದ ಶುರುಮಾಡಲು. 2016ರಲ್ಲಿ ಬಂದ ಎರಡನೇ ಆವೃತ್ತಿ ಇವನ್ನು ಬೇರೆ ಮಾಡಿತು. ಸ್ಟಾರ್ಟ್-ಆಫ್ಟರ್ ನಿಮ್ಮದು, ಏನಾದರೂ ಬರೆಯಿರಿ. ಕಂಟಿನ್ಯುಏಶನ್-ಟೋಕನ್ ಸರ್ವರ್‌ನದ್ದು, ಮುಟ್ಟಬೇಡಿ. ಈ ವಿಂಗಡಣೆ ನನಗೆ ತುಂಬಾ ಇಷ್ಟ. ಒಳಗಿನ ರೂಪ ಬದಲಿಸುವ ಸ್ವಾತಂತ್ರ್ಯ ಸರ್ವರ್‌ಗೆ ಉಳಿಯುತ್ತದೆ.

ಟೋಕನ್‌ನ ಮೊದಲ ಬೈಟ್‌ನಲ್ಲಿ ರೂಪದ ಆವೃತ್ತಿ ಇಡಿ. ಬಕೆಟ್, ಪ್ರಿಫಿಕ್ಸ್, ಡೆಲಿಮಿಟರ್ ಇವುಗಳ ಹ್ಯಾಶ್ ಸೇರಿಸಿ. ಬೇರೆ ಪ್ರಿಫಿಕ್ಸ್ ಜೊತೆ ಹಳೆಯ ಟೋಕನ್ ತಂದವರಿಗೆ ತಪ್ಪು ಪಟ್ಟಿಯ ಬದಲು ಎರರ್ ಸಿಗಲಿ. ಎಚ್‌ಮ್ಯಾಕ್ ಸಹಿ ಹಾಕಿದರೆ ಯಾರೂ ತಿದ್ದಲಾರರು, ಆದರೆ ಒಳಗಿರುವುದನ್ನು ಓದಬಲ್ಲರು. ಕಾಣಬಾರದ ಹೆಸರು ಅದರಲ್ಲಿ ಇರಬಹುದಾದರೆ ಎನ್‌ಕ್ರಿಪ್ಟ್ ಮಾಡಿ. 1024 ಬೈಟ್‌ನ ಕೀ ಬೇಸ್64 ಆದರೆ 1368 ಅಕ್ಷರ, ಯುಆರ್‌ಎಲ್‌ನಲ್ಲಿ ಹಿಡಿಸುತ್ತದೆ. ಟೋಕನ್ ಇದೆ ಎಂದು ಅನುಮತಿ ಪರೀಕ್ಷೆ ಬಿಡಬೇಡಿ. ಪ್ರತಿ ಪುಟಕ್ಕೂ ಮತ್ತೆ ಕೇಳಿ.

### ಒಂದು ಪುಟಕ್ಕೆ ಎಷ್ಟು ಹೆಸರು?

ಎಸ್3 1000, ಅಜೂರ್ ಬ್ಲಾಬ್ 5000, ಸ್ವಿಫ್ಟ್ ಸಾಮಾನ್ಯವಾಗಿ 10,000. ಯಾವುದಾದರೂ ಸರಿ. "ಇಷ್ಟು" ಎಂದಲ್ಲ, "ಇಷ್ಟರ ಒಳಗೆ" ಎಂದು ಬರೆಯಿರಿ.

### ಆವೃತ್ತಿಗಳನ್ನೂ ಪಟ್ಟಿ ಮಾಡಬೇಕಾದರೆ?

ಒಂದೇ ಕೀಗೆ ಸಾವಿರಾರು ಆವೃತ್ತಿ ಇರಬಹುದು, ಪುಟ ಅದರ ನಡುವೆಯೇ ಮುಗಿಯಬಹುದು. ಆದ್ದರಿಂದ ಕರ್ಸರ್‌ಗೆ ಕೀ ಮತ್ತು ಆವೃತ್ತಿ ಎರಡೂ ಬೇಕು. ಎಸ್3ಯಲ್ಲೂ ಇದಕ್ಕೆ ಎರಡು ಮಾರ್ಕರ್ ಇವೆ. ಆಮೇಲೆ ಸೇರಿಸಿಕೊಳ್ಳೋಣ ಎಂದು ಮುಂದೂಡಬೇಡಿ, ಇಂಡೆಕ್ಸ್‌ನ ಕೀ ರೂಪವೇ ಬದಲಾಗುತ್ತದೆ.

### ಟೆಸ್ಟ್ ಹೇಗೆ ಮಾಡುವುದು?

ಒಂದೇ ಬಕೆಟನ್ನು ಪುಟಕ್ಕೆ 1, 2, 7, 1000 ಎಂದು ಬೇರೆ ಬೇರೆ ಗಾತ್ರದಲ್ಲಿ ಓದಿ. ಪುಟಗಳನ್ನು ಜೋಡಿಸಿದರೆ ನಾಲ್ಕೂ ಒಂದೇ ಆಗಿರಬೇಕು. ಮೇಲೆ ಹೇಳಿದ ಡೆಲಿಮಿಟರ್ ಬಗ್‌ಗಳಲ್ಲಿ ಹೆಚ್ಚಿನವು ಗಾತ್ರ 1 ಇಟ್ಟ ಕೂಡಲೇ ಹೊರಬರುತ್ತವೆ. ಪ್ರತಿ ಪುಟದ ನಂತರ ಸರ್ವರ್ ಕೊಂದು ಎಬ್ಬಿಸಿ. ಕರ್ಸರ್ ನಿಂತ ಆಬ್ಜೆಕ್ಟನ್ನೇ ಅಳಿಸಿ. ಓದುತ್ತಿರುವಾಗ ಶಾರ್ಡ್ ಒಡೆಯಿರಿ.

ಹೆಸರುಗಳಲ್ಲಿ ಸ್ವಲ್ಪ ಕೆಟ್ಟತನ ಇರಲಿ: 'ಅ', 'ಅ/', 'ಅ-', 'ಅ//', ಎರಡು ಥರದ 'ಕೋಲಾರ', ಎಮೋಜಿ, ಕಂಟ್ರೋಲ್ ಚಿಹ್ನೆಗಳು. ಎಕ್ಸ್‌ಎಂಎಲ್ 1.0ರಲ್ಲಿ ಕೆಲವು ಕಂಟ್ರೋಲ್ ಚಿಹ್ನೆಗಳನ್ನು ಬರೆಯಲು ಸಾಧ್ಯವೇ ಇಲ್ಲ. ಎಸ್3 ಇದಕ್ಕಾಗಿ ಹೆಸರುಗಳನ್ನು ಯುಆರ್‌ಎಲ್ ಎನ್‌ಕೋಡ್ ಮಾಡಿ ಕೊಡುವ ಆಯ್ಕೆ ಇಟ್ಟಿದೆ.

### ಪಟ್ಟಿಯ ಜೊತೆ ಒಟ್ಟು ಎಷ್ಟು ಆಬ್ಜೆಕ್ಟ್ ಇವೆ ಎಂದೂ ಕಳಿಸಬೇಕಾ?

ಯುಐ ಮಾಡುವವರು ಖಂಡಿತ ಕೇಳುತ್ತಾರೆ, "ಪುಟ 3 / 10,000" ಎಂದು ತೋರಿಸಲು. ಕೊಡಬೇಡಿ. ಪ್ರಿಫಿಕ್ಸ್ ಹಾಕಿದ ಪಟ್ಟಿಯ ಒಟ್ಟು ಸಂಖ್ಯೆ ಬೇಕೆಂದರೆ ಆ ಪ್ರಿಫಿಕ್ಸ್ ಪೂರ್ತಿ ಓದಲೇಬೇಕು, ಪ್ರತಿ ಪುಟಕ್ಕೂ. ಎಸ್3 ಕೊಡುವ ಕೀಕೌಂಟ್ ಕೂಡ ಆ ಪುಟದ ಲೆಕ್ಕ ಮಾತ್ರ. ಇಡೀ ಬಕೆಟ್‌ನ ಲೆಕ್ಕ ಬೇಕಿದ್ದರೆ ಬರೆಯುವಾಗ, ಅಳಿಸುವಾಗ ಒಂದು ಕೌಂಟರ್ ಏರಿಸಿ ಇಳಿಸಿ, ಬೇರೆ ಕರೆಯಲ್ಲಿ ಕೊಡಿ. ದಿನಕ್ಕೊಮ್ಮೆ ಪೂರ್ತಿ ಪಟ್ಟಿ ಬೇಕು ಎನ್ನುವವರಿಗೆ ಎಸ್3 ಇನ್ವೆಂಟರಿ ಥರ ಪಟ್ಟಿಯನ್ನೇ ಫೈಲ್ ಮಾಡಿ ಅದೇ ಸ್ಟೋರ್‌ನಲ್ಲಿ ಇಟ್ಟುಬಿಡಿ. ಯುಐಗೆ "ಮುಂದಿನದು" ಎನ್ನುವ ಒಂದು ಬಟನ್ ಸಾಕು.